ತಂತಿ ಬಲೆಯ ಆಚೆ ನಿಂತ ಪಿಚ್ಚರ್

"ಬಾ, ಇವತ್ತು ಒಬ್ಬ ಒಳ್ಳೇ ಪಿಚ್ಚರ್ ತೋರಿಸ್ತೀನಿ" ಅಂದರು ಭಾವ. ನಾನು ಸಿನಿಮಾ ಅಂದ್ಕೊಂಡೆ. ನಮ್ಮೂರಲ್ಲಿ ಪಿಚ್ಚರ್ ಅಂದ್ರೆ ಅದೇ ಅಲ್ವಾ? ಅಕ್ಕನ ಮನೆ ಇರೋದು ಕ್ಯಾನ್ಸಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿ. ಅಲ್ಲಿಗೆ ಹೋಗಿ ನಾಲ್ಕು ದಿನ ಆಗಿತ್ತು, ಮಾಲ್ ಸುತ್ತಿ ಸಾಕಾಗಿತ್ತು. ಸುಮ್ನೆ ಕಾರು ಹತ್ತಿದೆ.

ಕಾರು ನಿಂತಿದ್ದು 18ನೇ ಬೀದಿ ಮತ್ತು ವೈನ್ ಬೀದಿ ಸೇರುವ ಕಡೆ, ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಮುಂದೆ. ಕಪ್ಪು ಜನರನ್ನು ಬಿಳಿಯರ ತಂಡಗಳಿಗೆ ಸೇರಿಸದ ಕಾಲದಲ್ಲಿ ಅವರೇ ಕಟ್ಟಿಕೊಂಡ ಲೀಗ್‌ಗಳ ಕಥೆ ಇಲ್ಲಿದೆ. ಅಂಥ ಮೊದಲ ದೊಡ್ಡ ಲೀಗ್ 1920ರಲ್ಲಿ ಶುರುವಾಗಿದ್ದು ಇದೇ ಬಡಾವಣೆಯ ವೈಎಂಸಿಎ ಕಟ್ಟಡದಲ್ಲಿ.

ಒಳಗೆ ಕಾಲಿಟ್ಟ ತಕ್ಷಣ ಒಂದು ಪುಟ್ಟ ಮೈದಾನ, ಅದರಲ್ಲಿ ಆಳೆತ್ತರದ ಕಂಚಿನ ಆಟಗಾರರು. ನಮ್ಮ ಮತ್ತು ಅವರ ನಡುವೆ ಕೋಳಿಗೂಡಿಗೆ ಹಾಕ್ತಾರಲ್ಲ, ಅಂಥದ್ದೇ ತಂತಿ ಬಲೆ. ಹಿಂದೆ ದಕ್ಷಿಣದ ಊರುಗಳಲ್ಲಿ ಕಪ್ಪು ಪ್ರೇಕ್ಷಕರನ್ನು ಹೀಗೇ ಬಲೆಯ ಹಿಂದೆ ಕೂರಿಸುತ್ತಿದ್ದರಂತೆ. ನಾನು ಬಲೆಗೆ ಮೂಗು ಒತ್ತಿ ನೋಡಿದೆ. ನಡುವಿನ ಮಣ್ಣ ದಿಬ್ಬದ ಮೇಲೆ ಭಾವನ ಪಿಚ್ಚರ್, ಅಂದ್ರೆ ಬೇಸ್‌ಬಾಲ್‌ನಲ್ಲಿ ನಮ್ಮ ಬೌಲರ್ ಥರ ಚೆಂಡು ಎಸೆಯೋನು, ನಿಂತಿದ್ದ: ಸ್ಯಾಚೆಲ್ ಪೇಜ್. ಹತ್ತಿರ ಹೋಗಬೇಕಂದ್ರೆ ಇಡೀ ಮ್ಯೂಸಿಯಂ ಸುತ್ತಿ ಬರಬೇಕು.

ಸುತ್ತಿದೆವು. 1906ರಲ್ಲಿ ಅಲಬಾಮಾದ ಮೊಬೀಲ್‌ನಲ್ಲಿ ಹುಟ್ಟಿದ ಹುಡುಗ. ರೈಲ್ವೆ ಸ್ಟೇಷನ್‌ನಲ್ಲಿ ಜನರ ಚೀಲ ಹೊರುತ್ತಿದ್ದ, ಅದಕ್ಕೇ ಸ್ಯಾಚೆಲ್, ಅಂದ್ರೆ ಚೀಲ, ಅನ್ನೋ ಹೆಸರು ಬಂತು ಅಂತಾರೆ. ಹನ್ನೆರಡನೇ ವಯಸ್ಸಿಗೆ ಸಣ್ಣ ಕಳ್ಳತನ ಮಾಡಿ ಸುಧಾರಣಾ ಶಾಲೆ ಸೇರಿದ. ಐದು ವರ್ಷಕ್ಕೂ ಜಾಸ್ತಿ ಅಲ್ಲೇ. ಚೆಂಡು ಎಸೆಯೋ ಕೈ ಪಳಗಿದ್ದೂ ಅಲ್ಲೇ. 1926ರಲ್ಲಿ ಚಟ್ಟನೂಗಾ ತಂಡದಲ್ಲಿ ಸಂಬಳದ ಆಟ ಶುರು. ಆಮೇಲೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಪಿಟ್ಸ್‌ಬರ್ಗ್, ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ಮೆಕ್ಸಿಕೊ. ದುಡ್ಡು ಕೊಟ್ಟವರ ಪರ ಎಸೆದ.

1938ರಲ್ಲಿ ಮೆಕ್ಸಿಕೊದಲ್ಲಿ ತೋಳು ಕೈಕೊಟ್ಟಿತು. ನೋವಿಗೆ ಕೈ ಎತ್ತೋಕೂ ಆಗ್ತಿರಲಿಲ್ಲ. ಕಥೆ ಮುಗೀತು ಅಂತ ಎಲ್ಲರೂ ಅಂದ್ಕೊಂಡಾಗ ಇದೇ ಊರಿನ ಮೊನಾರ್ಕ್ಸ್ ತಂಡದ ಮಾಲೀಕ ವಿಲ್ಕಿನ್ಸನ್ ಅವನನ್ನು ತನ್ನ ಎರಡನೇ ತಂಡಕ್ಕೆ ಹಾಕಿಕೊಂಡರು. ಹೆಸರು ನೋಡೋಕಾದ್ರೂ ಜನ ಬರ್ತಾರೆ ಅನ್ನೋ ಲೆಕ್ಕ. ತೋಳು ಮರುವರ್ಷ ಸರಿಹೋಯಿತು!

1945ರಲ್ಲಿ ಅದೇ ಮೊನಾರ್ಕ್ಸ್‌ನಲ್ಲಿ ಜಾಕಿ ರಾಬಿನ್ಸನ್ ಅನ್ನೋ ಹುಡುಗ ಅವನ ಜೊತೆ ಆಡಿದ. 1947ರಲ್ಲಿ ಮೇಜರ್ ಲೀಗ್, ಅಂದ್ರೆ ಅಲ್ಲಿವರೆಗೆ ಬಿಳಿಯರದ್ದೇ ಆಗಿದ್ದ ದೊಡ್ಡ ಲೀಗ್, ಬಾಗಿಲು ತೆರೆದದ್ದು ಆ ಹುಡುಗನಿಗೆ. ಪೇಜ್‌ಗೆ ಕರೆ ಬಂದಿದ್ದು 1948ರ ಜುಲೈನಲ್ಲಿ, ಕ್ಲೀವ್‌ಲ್ಯಾಂಡ್‌ನಿಂದ. ಆಗ ವಯಸ್ಸು 42. ನಮ್ಮಲ್ಲಿ ಆ ವಯಸ್ಸಿಗೆ ಬೌಲರ್‌ಗಳು ಕಾಮೆಂಟರಿ ಬಾಕ್ಸ್ ಸೇರಿರ್ತಾರೆ. ಇವನು ಆ ವರ್ಷ ಆರು ಪಂದ್ಯ ಗೆಲ್ಲಿಸಿದ, ಸೋತದ್ದು ಒಂದೇ. ಇಪ್ಪತ್ತೈದರ ತೋಳಲ್ಲಿ ಏನೆಲ್ಲ ಇತ್ತೋ ಅಂತ ಯೋಚಿಸಿದ್ರೆ ಹೊಟ್ಟೆ ಉರಿಯುತ್ತೆ.

ಸುತ್ತು ಮುಗಿದು ಕೊನೆಗೂ ಮೈದಾನದೊಳಗೆ ಬಂದೆವು. ದಿಬ್ಬದಿಂದ ಬ್ಯಾಟ್ಸ್‌ಮನ್‌ಗೆ 60 ಅಡಿ 6 ಇಂಚು. ನಮ್ಮ ಕ್ರಿಕೆಟ್ ಪಿಚ್ಚಿಗಿಂತಲೂ ಕಡಿಮೆ, ಚೆಂಡು ನೆಲಕ್ಕೂ ಬೀಳಲ್ಲ. ಎದುರಿಗೆ ವಿಕೆಟ್ ಕೀಪರ್ ಥರ ಕೂತ ಕಂಚಿನ ಕ್ಯಾಚರ್ ಜಾಶ್ ಗಿಬ್ಸನ್, ಪಿಟ್ಸ್‌ಬರ್ಗ್‌ನ ಹಳೇ ಜೊತೆಗಾರ. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ 1947ರ ಜನವರಿಯಲ್ಲಿ ತೀರಿಕೊಂಡವನು.

ಪಾರ್ಕಿಂಗ್‌ನಲ್ಲಿ ಭಾವ ಪೇಜ್‌ನ ತಡೆದು ಎಸೆಯೋ ವರಸೆ ತೋರಿಸಿದರು. ಮುಂಗಾಲು ನೆಲಕ್ಕೆ ಊರಿ, ಒಂದು ಗಳಿಗೆ ಸುಮ್ಮನೆ ನಿಲ್ಲೋದು. ಬ್ಯಾಟ್ಸ್‌ಮನ್ ಅಷ್ಟರಲ್ಲಿ ಬ್ಯಾಟ್ ಬೀಸಿಬಿಡ್ತಾನೆ. ಆಮೇಲೆ ಚೆಂಡು! ಮೇಜರ್ ಲೀಗ್‌ನ ಒಂದು ಭಾಗವಾದ ಅಮೆರಿಕನ್ ಲೀಗ್‌ನವರು 1948ರಲ್ಲೇ ಇದನ್ನು ನಿಷೇಧಿಸಿದರು. ಭಾವ ಎಸೆದ ಕಾರಿನ ಕೀ ಪೊದೆಯೊಳಗೆ ಬಿತ್ತು. ಹುಡುಕೋಕೆ ಹತ್ತು ನಿಮಿಷ.

ದಾರಿಯಲ್ಲಿ ಭಾವನಿಗೆ ಫ್ರೈಡ್ ಚಿಕನ್, ನನಗೆ ಬರೀ ಆಲೂ ಫ್ರೈಸ್. ಅಲ್ಲಿಂದ ಫಾರೆಸ್ಟ್ ಹಿಲ್ ಸ್ಮಶಾನಕ್ಕೆ. ಪೇಜ್ 1982ರ ಜೂನ್‌ನಲ್ಲಿ ಇದೇ ಊರಲ್ಲಿ ತೀರಿಕೊಂಡ. ಅದಕ್ಕೆ 17 ವರ್ಷ ಮೊದಲು, 1965ರಲ್ಲಿ, ಆಗ ಇದೇ ಊರಲ್ಲಿದ್ದ ಅಥ್ಲೆಟಿಕ್ಸ್ ಅನ್ನೋ ಮೇಜರ್ ಲೀಗ್ ತಂಡ ಅವನನ್ನು ಒಂದೇ ಒಂದು ಪಂದ್ಯಕ್ಕೆ ಕರೆಸಿತ್ತು. ತಮಾಷೆಗೆ ತೂಗುಕುರ್ಚಿ ಹಾಕಿ, ಪಕ್ಕದಲ್ಲಿ ನರ್ಸ್ ಒಬ್ಬಳನ್ನು ಕೂರಿಸಿದ್ದರು. 59ರ ಮುದುಕ ಎದ್ದು ಹೋಗಿ ಪಂದ್ಯದ ಒಂಬತ್ತರಲ್ಲಿ ಮೂರು ಇನಿಂಗ್ಸ್ ಎಸೆದ. ಬಾಸ್ಟನ್‌ನವರಿಗೆ ಸಿಕ್ಕಿದ್ದು ಒಂದೇ ಹಿಟ್, ರನ್ ಒಂದೂ ಇಲ್ಲ.

ಸಮಾಧಿ ಕಲ್ಲಿನ ಮೇಲೆ ವಯಸ್ಸಾಗದೆ ಇರೋಕೆ ಅವನ ಸೂತ್ರಗಳನ್ನು ಕೆತ್ತಿದ್ದಾರೆ. ಕರಿದ ಮಾಂಸ ತಿನ್ನಬೇಡಿ, ಅದು ರಕ್ತ ಕೆರಳಿಸುತ್ತೆ ಅನ್ನೋದು ಅದರಲ್ಲೊಂದು. ನಾನು ಗಟ್ಟಿಯಾಗಿ ಓದಿದೆ. ಭಾವ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆಚೆ ನೋಡಿದರು.