ಸಿಎಲ್‌ಎಸ್ ಪ್ರಾಜೆಕ್ಟ್: ಎಡಗಡೆ ಮುಂದಿನ ಬಾಗಿಲಿನ ಗಾಜು

ಈ ಸಲ ಎಂಜಿನ್ ಕಡೆ ಕೈ ಹಾಕಿಲ್ಲ. ಪೂರ್ತಿ ಬಾಗಿಲಿನ ಕೆಲಸ. ನನ್ನ 2007ರ ಮರ್ಸಿಡಿಸ್ ಸಿಎಲ್‌ಎಸ್ 350ರ ಎಡಗಡೆ ಮುಂದಿನ ಗಾಜು ಕಾರು ತಗೊಂಡಾಗಿನಿಂದ ಕಾಡುತ್ತಿತ್ತು. ವೇಗ 80 ದಾಟಿದರೆ ಸಾಕು, ಎಡಗಿವಿಗೆ ಸಣ್ಣ ಸೀಟಿ ಕೇಳಿಸುತ್ತಿತ್ತು. ಜೋರು ಮಳೆ ಬಂದರೆ ಪಕ್ಕದ ಸೀಟಿನಲ್ಲಿ ಕೂತವರ ಭುಜದ ಮೇಲೆ ಹನಿ ಬೀಳುತ್ತಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಈ ಗಾಜು ಒಡೆದು, ಯಾವುದೋ ಗ್ಯಾರೇಜಿನಲ್ಲಿ ಬೇರೆ ಗಾಜು ಹಾಕಿಸಿದ್ದಾರೆ. ಹಾಕಿದ್ದಾರೆ ಅಷ್ಟೆ, ಸೆಟ್ಟಿಂಗ್ (ಗಾಜಿನ ಜಾಗ, ಎತ್ತರ, ವಾಲು ಹೊಂದಿಸುವುದು) ಸರಿಯಾಗಿ ಮಾಡಿಲ್ಲ.

ಈ ಕಾರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಮರ್ಸಿಡಿಸ್‌ನವರು 2003ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ವಿಷನ್ ಸಿಎಲ್‌ಎಸ್ ಅಂತ ಮಾದರಿ ತೋರಿಸಿ, ಮರುವರ್ಷವೇ ಉತ್ಪಾದನೆಗೆ ತಂದರು. ಸಿ219 ಅನ್ನುವುದು ಅದರ ಒಳಹೆಸರು. ಅಡಿಯಲ್ಲಿ ಇರುವುದು ಆ ಕಾಲದ ಇ-ಕ್ಲಾಸ್ ಡಬ್ಲ್ಯೂ211. ಆದರೆ ಇ-ಕ್ಲಾಸ್ ಬಾಗಿಲಿಗೆ ಗಾಜಿನ ಸುತ್ತ ಲೋಹದ ಫ್ರೇಮ್ ಇದೆ, ಇದರ ನಾಲ್ಕು ಬಾಗಿಲಿಗೂ ಇಲ್ಲ. ಗಾಜು ಇಳಿಸಿ ಬಾಗಿಲು ತೆಗೆದರೆ ಬಾಗಿಲಿನ ಸೊಂಟದಿಂದ ಮೇಲೆ ಏನೂ ಇರುವುದಿಲ್ಲ. ಆ ಚೆಂದಕ್ಕೇ ನಾನು ಈ ಕಾರು ತಗೊಂಡಿದ್ದು.

ಕಷ್ಟ ಇರುವುದೂ ಅಲ್ಲೇ. ಫ್ರೇಮ್ ಇರುವ ಬಾಗಿಲಿನಲ್ಲಿ ಗಾಜು ಮೂರು ಕಡೆ ಚಾನೆಲ್ ಒಳಗೆ ಓಡುತ್ತದೆ. ಸ್ವಲ್ಪ ಹೆಚ್ಚುಕಡಿಮೆ ಆದರೂ ಚಾನೆಲ್ ತಾನೇ ಹಿಡಿದುಕೊಳ್ಳುತ್ತದೆ. ಇಲ್ಲಿ ಗಾಜಿಗೆ ಆಧಾರ ಅಂದರೆ ಬಾಗಿಲೊಳಗಿನ ಹಳಿಗಳು ಮಾತ್ರ. ಮೇಲಿನ ಅಂಚು ಚಾವಣಿಯ ಬೀಡಿಂಗ್‌ಗೆ, ಅಂದರೆ ಅಂಚಿನ ರಬ್ಬರ್ ಪಟ್ಟಿಗೆ, ಒತ್ತಿ ನಿಲ್ಲಬೇಕು. ಹ್ಯಾಂಡಲ್ ಎಳೆದ ಕೂಡಲೇ ಗಾಜು ಒಂದು ಸೆಂಟಿಮೀಟರ್‌ನಷ್ಟು ಇಳಿಯುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರಿ ಬೀಡಿಂಗ್ ಒಳಗೆ ಕೂರುತ್ತದೆ. ಕಾರು ವೇಗವಾಗಿ ಓಡುವಾಗ ಹೊರಗಡೆ ಗಾಜಿನ ಪಕ್ಕ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಒಳಗಿನ ಒತ್ತಡ ಗಾಜನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೇ ಗಾಜು ಮೊದಲಿಂದಲೇ ಸ್ವಲ್ಪ ಒಳಕ್ಕೆ ವಾಲಿ ಬೀಡಿಂಗ್ ಮೇಲೆ ಭಾರ ಹಾಕಿರಬೇಕು. ನಿಂತ ಕಾರಿನಲ್ಲಿ ಸರಿಯಾಗಿ ಕಾಣುವ ಗಾಜು ಹೆದ್ದಾರಿಯಲ್ಲಿ ಸೀಟಿ ಊದುವುದು ಈ ಭಾರ ಸಾಲದೇ.

ಗಾಜು ಹುಡುಕಿದ್ದು

ಹಳೆಯ ಗಾಜು ಸೆಟ್ಟಿಂಗ್‌ನಿಂದಲೇ ಸರಿಹೋಗುತ್ತದಾ ಅಂತ ಮೊದಲು ನೋಡಿದೆ. ಮೇಲಿನ ಅಂಚಿನ ಮೇಲೆ ಉಗುರು ಎಳೆದಾಗ ಉತ್ತರ ಸಿಕ್ಕಿತು. ಬಲಗಡೆಯ ಮೂಲ ಗಾಜಿನ ಅಂಚು ದುಂಡಗೆ, ನುಣ್ಣಗೆ ಇದೆ. ಎಡಗಡೆಯದು ತರಿತರಿ. ಫ್ರೇಮ್ ಇರುವ ಕಾರಿನಲ್ಲಿ ಆ ಅಂಚು ಚಾನೆಲ್ ಒಳಗೆ ಮುಚ್ಚಿಹೋಗುತ್ತದೆ, ಯಾರೂ ಕೇಳುವುದಿಲ್ಲ. ಇಲ್ಲಿ ಅದೇ ಅಂಚು ಪ್ರತಿ ಸಲ ಬೀಡಿಂಗ್ ಒಳಗೆ ಹೋಗಿ ಬರುತ್ತದೆ. ಮುಂದಿನ ಮೂಲೆಯಲ್ಲಿ ಬೀಡಿಂಗ್‌ನ ತುಟಿ ಆಗಲೇ ಬೆರಳ ಗಿಣ್ಣಿನಷ್ಟು ಉದ್ದ ಸೀಳಿತ್ತು. ಅಂಚು ಉಜ್ಜಿ ಸರಿಮಾಡುವ ಹಾಗೂ ಇಲ್ಲ. ಇದು ಟೆಂಪರ್ಡ್ ಗಾಜು. 600 ಡಿಗ್ರಿಗಿಂತ ಜಾಸ್ತಿ ಕಾಯಿಸಿ, ಗಾಳಿಯಿಂದ ಸರಕ್ಕನೆ ತಣಿಸಿ, ಮೇಲ್ಪದರದಲ್ಲಿ ಬಿಗಿತ ಹಿಡಿಸಿರುತ್ತಾರೆ. ಕತ್ತರಿಸುವುದು, ತೂತು ಹಾಕುವುದು, ಅಂಚು ಕೆತ್ತುವುದು ಎಲ್ಲಾ ಅದಕ್ಕೆ ಮೊದಲೇ ಮುಗಿದಿರಬೇಕು. ಆಮೇಲೆ ಕೈ ಹಾಕಿದರೆ ಇಡೀ ಗಾಜು ಪುಡಿ.

ಹೊಸದನ್ನು ಚಾಸಿ ನಂಬರ್ ಕೊಟ್ಟೇ ಆರ್ಡರ್ ಮಾಡಿದೆ. ಈ ದರ್ಜೆಯ ಕಾರುಗಳಲ್ಲಿ ಟೆಂಪರ್ಡ್ ಗಾಜಿನ ಜೊತೆ ಎರಡು ಪದರದ ಲ್ಯಾಮಿನೇಟೆಡ್ ಗಾಜೂ ಬರುವುದುಂಟು. ದಪ್ಪ ಬೇರೆ, ಬಣ್ಣ ಬೇರೆ. "ಸಿಎಲ್‌ಎಸ್ ಮುಂದಿನ ಗಾಜು ಕೊಡಿ" ಅಂದರೆ ಸಾಲದು. ಮೂಲೆಯಲ್ಲಿ ಅಚ್ಚಾದ ಗುರುತನ್ನೂ ಓದಿ: ವೃತ್ತದೊಳಗಿನ ಇ ಮತ್ತು ಅದರ ಪಕ್ಕದ ಅಂಕಿ ಒಪ್ಪಿಗೆ ಕೊಟ್ಟ ದೇಶ ಹೇಳುತ್ತದೆ (1 ಅಂದರೆ ಜರ್ಮನಿ, 2 ಅಂದರೆ ಫ್ರಾನ್ಸ್). 43ಆರ್ ಅಂತ ಇದ್ದರೆ ಅದು ವಾಹನದ ಸುರಕ್ಷತಾ ಗಾಜಿನ ಯುರೋಪಿನ ನಿಯಮ. ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ನನಗಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿ ಕೊಟ್ಟ ಆದೇಶ ಒಂದು ಕಡೆ. ಇನ್ನೊಂದು, ಅಂಟಿಸಿದ ಫಿಲ್ಮ್‌ನ ಅಂಚು ಫ್ರೇಮಿಲ್ಲದ ಗಾಜಿನಲ್ಲಿ ಬೀಡಿಂಗ್‌ಗೆ ಉಜ್ಜಿ ಬೇಗ ಏಳುತ್ತದೆ. ಕಾರ್ಖಾನೆಯ ಹಸಿರು ಛಾಯೆಯೇ ಸಾಕು.

ಹೊಸ ಗಾಜು ಬಂದಾಗ ಹಳೆಯದರ ಬಾಗು ಎಷ್ಟು ಬೇರೆ ಅಂತ ನೋಡುವ ಕುತೂಹಲ ಇತ್ತು. ಹಳೆಯದನ್ನು ಬಿಚ್ಚಿದ ಮೇಲೆ ಎರಡನ್ನೂ ಕಂಬಳಿ ಮೇಲೆ ಒಂದರ ಮೇಲೊಂದು ಇಟ್ಟೆ. ಮಧ್ಯೆ ಕೂರುತ್ತದೆ, ಮೂಲೆ ಒತ್ತಿದರೆ ಅಲ್ಲಾಡುತ್ತದೆ. ಅಂದರೆ ಹಳೆಯ ಗಾಜಿನ ಬಾಗೇ ತಪ್ಪು. ಅದನ್ನು ಎಷ್ಟು ಸೆಟ್ ಮಾಡಿದ್ದರೂ ಒಂದು ಮೂಲೆ ಬಿಟ್ಟೇ ಇರುತ್ತಿತ್ತು.

ಗಾಜಿಗಿಂತ ಮೊದಲು ಬಾಗಿಲು

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಎಷ್ಟೋ ವರ್ಷದಿಂದ ಗಾಜು ಕೂರಿಸುತ್ತಿರುವ ಹಿರಿಯರೊಬ್ಬರಿದ್ದಾರೆ. ಹೊಸ ಬೀಡಿಂಗ್ ಕ್ಲಿಪ್ ತರಲು ಹೋದಾಗ ವಿಷಯ ಹೇಳಿದೆ.

"ಸಾರ್, ಗ್ಲಾಸ್ ಆಮೇಲೆ. ಮೊದಲು ಡೋರ್ ಎತ್ತಿ ನೋಡಿ," ಅಂದರು. "ಡೋರ್ ಇಳಿದಿದ್ರೆ ನೀವು ಎಷ್ಟು ಸೆಟ್ಟಿಂಗ್ ಮಾಡಿದ್ರೂ ನಿಲ್ಲಲ್ಲ."

"ಎಷ್ಟು ಆಡಿದ್ರೆ ಪರವಾಗಿಲ್ಲ ಭಾಯ್?"

"ಆಡಲೇಬಾರದು ಸಾರ್. ಟಕ್ ಅಂತ ಸದ್ದು ಬಂದ್ರೆ ಹಿಂಜ್ ನೋಡ್ಕೊಳ್ಳಿ."

ಇದು ಬಂಗಾರದಂಥ ಮಾತು. ಬಾಗಿಲು ಅರ್ಧ ತೆಗೆದು, ಲಾಕ್ ಇರುವ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದೆ. ಸದ್ದಿಲ್ಲ. ಫೆಂಡರ್ ಜೊತೆಗಿನ ಸಂದು, ಹಿಂದಿನ ಬಾಗಿಲಿನ ಜೊತೆಗಿನ ಸಂದು, ಎರಡೂ ಮೇಲಿಂದ ಕೆಳಗೆ ಒಂದೇ ಸಮ. ಬಾಗಿಲು ತನ್ನ ಜಾಗದಲ್ಲಿದೆ, ಹಾಗಾಗಿ ಹಿಂಜ್ ಮುಟ್ಟಲಿಲ್ಲ.

ಇನ್ನೊಂದು ತೀರ್ಮಾನ ಇಲ್ಲೇ ಆಯಿತು. ಬಲಗಡೆ ಗಾಜಿನ ಮೇಲೂ ಉದ್ದುದ್ದ ಗೀರುಗಳಿವೆ, ಅದನ್ನೂ ಬದಲಿಸಬೇಕು. ಆದರೆ ಅದರ ಸೆಟ್ಟಿಂಗ್ ಕಾರ್ಖಾನೆಯದು, ಯಾರೂ ಮುಟ್ಟಿಲ್ಲ. ಎಡಗಡೆಗೆ ಅದೇ ನನ್ನ ಅಳತೆಗೋಲು. ಎಡ ಮುಗಿಯುವವರೆಗೆ ಬಲದ ಒಂದು ಸ್ಕ್ರೂ ಕೂಡ ಸಡಿಲಿಸಬಾರದು ಅಂತ ಇಟ್ಟುಕೊಂಡೆ. ದಪ್ಪ ರಟ್ಟನ್ನು ಬಲಗಡೆ ಚಾವಣಿ ಅಂಚಿಗೆ ಹಿಡಿದು, ಮುಂದೆ, ಮಧ್ಯೆ, ಹಿಂದೆ ಗಾಜಿನ ಹೊರಮೈ ಎಷ್ಟು ಒಳಗಿದೆ ಅನ್ನುವುದನ್ನು ಕತ್ತರಿಸಿಕೊಂಡೆ. ಅದೇ ರಟ್ಟನ್ನು ಮಗುಚಿದರೆ ಎಡಗಡೆಗೆ ಅಚ್ಚು ರೆಡಿ.

ಪ್ಯಾಡ್ ಬಿಚ್ಚಿದ್ದು

ಮೊದಲು ಡಿಕ್ಕಿಯಲ್ಲಿರುವ ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಬಿಟ್ಟೆ. ಪಕ್ಕದ ಏರ್‌ಬ್ಯಾಗ್ ಕೆಲವು ಕಾರಿನಲ್ಲಿ ಸೀಟಿನಲ್ಲಿರುತ್ತದೆ, ಕೆಲವದರಲ್ಲಿ ಬಾಗಿಲಿನಲ್ಲೇ ಇರುತ್ತದೆ. ಎಲ್ಲೇ ಇರಲಿ, ಈ ಹೆಜ್ಜೆ ಬಿಡಬೇಡಿ. ಸ್ಕ್ರೂ ತೆಗೆದು, ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತ ಕ್ಲಿಪ್ ಬಿಡಿಸಿ, ಡೋರ್ ಪ್ಯಾಡ್ (ಬಾಗಿಲಿನ ಒಳಹೊದಿಕೆ) ಮೇಲಕ್ಕೆತ್ತಿದರೆ ಬರುತ್ತದೆ. ಒಳಹ್ಯಾಂಡಲ್‌ನ ಕೇಬಲ್ ಮತ್ತು ವೈರ್ ಸಾಕೆಟ್ ಇನ್ನೂ ಹಿಡಿದಿರುತ್ತವೆ, ಎಳೆಯಬೇಡಿ.

ಬಾಗಿಲ ತಳದಲ್ಲಿ ಕಂಡದ್ದು ನೋಡಿ ಬೇಜಾರಾಯಿತು. ಒಡೆದ ಹಳೆಯ ಗಾಜಿನ ಚೂರುಗಳು ಹಾಗೇ ಬಿದ್ದಿದ್ದವು. ಕಲ್ಲುಸಕ್ಕರೆಯಂಥ ಹರಳುಗಳು, ಮಣ್ಣು ಮತ್ತು ಕೊಳೆತ ಎಲೆ ಜೊತೆ ಕಲಸಿ ನೀರು ಹೋಗುವ ತೂತುಗಳನ್ನು ಮುಚ್ಚಿದ್ದವು. ಬಾಗಿಲು ಮುಚ್ಚುವಾಗ ಗಲಗಲ ಅನ್ನುತ್ತಿದ್ದುದು ಇದೇ. ಗಾಜು ಒಡೆದ ಬಾಗಿಲಿಗೆ ಹೊಸ ಗಾಜು ಹಾಕುವವರು ಮೊದಲು ತಳ ಗುಡಿಸಬೇಕು, ಅದು ಕೆಲಸದ ಭಾಗ ಅಲ್ವಾ? ವ್ಯಾಕ್ಯೂಮ್‌ನಿಂದ ಎಲ್ಲ ಎಳೆದು, ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ನೀರು ಹುಯ್ದು ನೋಡಿದೆ. ಸರಾಗ ಹರಿಯಿತು.

ಗಾಜು ಏರಿಸಿ ಇಳಿಸುವ ಗ್ಲಾಸ್ ಮೆಷಿನ್ ಚೆನ್ನಾಗಿತ್ತು. ಹಳಿಯ ಗ್ರೀಸ್ ಮಾತ್ರ ಮರಳು ಹಿಡಿದು ಕಪ್ಪಾಗಿತ್ತು. ಪೂರ್ತಿ ಒರೆಸಿ ಹೊಸದು ತೆಳ್ಳಗೆ ಸವರಿದೆ.

ಸೆಟ್ಟಿಂಗ್

ಈ ಲಾಗ್ ಬರೆಯುತ್ತಿರುವುದೇ ಈ ಭಾಗಕ್ಕಾಗಿ. ಗಾಜನ್ನು ಹಿಡಿಕೆಗಳಲ್ಲಿ ಇಳಿಸಿ, ನಡುವಿನ ರಬ್ಬರ್ ತುಂಡು ಜಾಗದಲ್ಲಿದೆಯಾ ಅಂತ ನೋಡಿ, ಬೋಲ್ಟ್ ಕೈಬಿಗಿ ಮಾತ್ರ ಮಾಡಿದೆ. ಬ್ಯಾಟರಿ ಮತ್ತೆ ಜೋಡಿಸಿದೆ. ಇನ್ನು ಮುಂದೆ ಅವಸರ ಇಲ್ಲ. ತಮ್ಮ ಒಳಗೆ ಸೀಟಿನಲ್ಲಿ ಟಾರ್ಚ್ ಹಿಡಿದು ಕೂತ, ನಾನು ಹೊರಗೆ. ಗಾಜು ಬೀಡಿಂಗ್‌ಗಿಂತ ಬೆರಳಷ್ಟು ಕೆಳಗಿರುವಾಗಲೇ ಬಾಗಿಲು ಮೆಲ್ಲಗೆ ಮುಚ್ಚಿ, ಸ್ವಿಚ್ಚನ್ನು ಚೂರುಚೂರೇ ಒತ್ತಿ ಏರಿಸಿದೆವು.

"ಅಣ್ಣಾ, ನಿಲ್ಲಿಸು! ಮುಂದಿನ ಮೂಲೆ ತಾಗ್ತಿದೆ, ಹಿಂದೆ ಇನ್ನೂ ಬೆಳಕು ಕಾಣ್ತಿದೆ."

ಇದಕ್ಕೆ ಒಂದು ಕ್ರಮ ಇದೆ. ಮೊದಲು ಹಿಂದೆ–ಮುಂದೆ ಮತ್ತು ಓರೆ: ಗಾಜಿನ ಹಿಂದಿನ ಅಂಚು ಹಿಂಬಾಗಿಲಿನ ಗಾಜಿನ ಜೊತೆ ಉದ್ದಕ್ಕೂ ಒಂದೇ ಸಂದು ಬಿಟ್ಟಿರಬೇಕು. ಆಮೇಲೆ ಎತ್ತರ: ಮೇಲಿನ ತಡೆ ಎಲ್ಲಿ ನಿಲ್ಲಿಸಬೇಕು ಅನ್ನುವುದು. ಕೊನೆಗೆ ವಾಲು: ಬೀಡಿಂಗ್ ಮೇಲೆ ಎಷ್ಟು ಭಾರ ಅನ್ನುವುದು. ವಾಲು ಬದಲಿಸಿದರೆ ಎತ್ತರ ಕೂಡ ಕೂದಲೆಳೆಯಷ್ಟು ಬದಲಾಗುತ್ತದೆ, ಮತ್ತೆ ಹಿಂದಕ್ಕೆ ಹೋಗಿ ನೋಡಬೇಕು. ಹಳೆಯ ಗ್ಯಾರೇಜಿನವರು ಸೀಟಿ ನಿಲ್ಲಿಸಲು ಎತ್ತರವನ್ನು ಮಾತ್ರ ಜಾಸ್ತಿ ಮಾಡಿದ್ದರು. ಅಂಚು ಬೀಡಿಂಗ್ ಒಳಗೆ ಗುದ್ದಿ ತುಟಿ ಸೀಳಿತು, ಸೀಟಿ ಹಾಗೇ ಉಳಿಯಿತು. ಬೇಕಾಗಿದ್ದುದು ಎತ್ತರ ಅಲ್ಲವೇ ಅಲ್ಲ, ವಾಲು.

ವಾಲಿನ ಲೆಕ್ಕ ಮೊದಲ ಸಲ ತಲೆಗೆ ಹತ್ತುವುದು ನಿಧಾನ. ಗಾಜು ಬಾಗಿಲಿನ ಸೊಂಟದ ಬಳಿ, ಅಂದರೆ ಅದು ಒಳಗಿಂದ ಹೊರಗೆ ಬರುವ ಸಂದಿನಲ್ಲಿ, ತಿರುಗುತ್ತದೆ. ಹಳಿಯ ಕೆಳತುದಿಯನ್ನು ಹೊರಕ್ಕೆ ತಳ್ಳಿದರೆ ಗಾಜಿನ ಮೇಲಂಚು ಒಳಕ್ಕೆ ಬರುತ್ತದೆ. ಕೆಳಗಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೂ ಮೇಲೆ ಕಣ್ಣಿಗೆ ಕಾಣುವಷ್ಟು ಬದಲಾವಣೆ. ಎರಡು ಹಳಿಗೂ ಸಮ ತಿರುಗಿಸದಿದ್ದರೆ ಗಾಜು ತಿರುಚಿಕೊಳ್ಳುತ್ತದೆ. ಹಾಗಂತ ಭಾರ ವಿಪರೀತ ಹಾಕಿದರೂ ಕಷ್ಟ. ಬಾಗಿಲು ಹಾಕಲು ಜೋರು ಬೇಕಾಗುತ್ತದೆ, ಮೋಟರ್ ತಿಣುಕುತ್ತದೆ, ಬೆರಳು ಸಿಕ್ಕಿದೆ ಅಂತ ತಿಳಿದು ಗಾಜು ತಾನೇ ವಾಪಸ್ ಇಳಿಯಲೂಬಹುದು.

ಬಾಗಿಲು ತೆಗೆದಿಟ್ಟೇ ಗಾಜನ್ನು ಪೂರ್ತಿ ಏರಿಸಿ ನೋಡಬೇಕು ಅನ್ನಿಸಿದರೆ ಲಾಕ್‌ನ ನಾಲಿಗೆಯನ್ನು ಸ್ಕ್ರೂಡ್ರೈವರ್‌ನಿಂದ ತಿರುಗಿಸಿದರೆ ಸಾಕು, ಬಾಗಿಲು ಮುಚ್ಚಿದೆ ಅಂತ ಕಾರು ತಿಳಿಯುತ್ತದೆ. ಆದರೆ ಮತ್ತೆ ಹ್ಯಾಂಡಲ್ ಎಳೆದು ನಾಲಿಗೆ ಬಿಡಿಸಿ, ಗಾಜು ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೇ ಬಾಗಿಲು ಮುಚ್ಚಬೇಕು. ಇಲ್ಲದಿದ್ದರೆ ಲಾಕೂ ಹೋಗುತ್ತದೆ, ಗಾಜೂ ಹೋಗುತ್ತದೆ.

ರಟ್ಟಿನ ಅಚ್ಚು ಮೂರೂ ಕಡೆ ಕೂತ ಮೇಲೆ ಬೋಲ್ಟ್ ಬಿಗಿ ಮಾಡಿದೆ.

ಪರೀಕ್ಷೆ

ಹಾಳೆಯ ಪಟ್ಟಿಯೊಂದನ್ನು ಬೀಡಿಂಗ್ ಮತ್ತು ಗಾಜಿನ ನಡುವೆ ಇಟ್ಟು, ಗಾಜು ಏರಿಸಿ, ಎಳೆದು ನೋಡಿದೆ. ಕನ್ನಡಿಯ ಬಳಿಯಿಂದ ಹಿಂದಿನ ಮೂಲೆಯವರೆಗೆ ಒಂದೊಂದು ಗೇಣಿಗೆ ಒಮ್ಮೆ. ಸುಲಭವಾಗಿ ಜಾರಬಾರದು, ಹರಿಯಲೂಬಾರದು. ಎ ಪಿಲ್ಲರ್ (ಮುಂಗಾಜಿನ ಪಕ್ಕದ ಕಂಬ) ಮೇಲಿನ ತಿರುವಿನಲ್ಲಿ ಹಾಳೆ ಸಲೀಸಾಗಿ ಬಂತು, ಮುಂದಿನ ಹಳಿಗೆ ಇನ್ನೊಂದಿಷ್ಟು ವಾಲು ಕೊಟ್ಟೆ. ಆಮೇಲೆ ಗಾಜಿನ ಅಂಚಿಗೆ ಸೀಮೆಸುಣ್ಣದ ಪುಡಿ ಸವರಿ ಮುಚ್ಚಿ ತೆಗೆದೆ. ಬೀಡಿಂಗ್ ಮೇಲೆ ಮುಂದಿನಿಂದ ಹಿಂದಿನವರೆಗೆ ತುಂಡಾಗದ ಬಿಳಿ ಗೆರೆ ಮೂಡಿತು. ಆ ಗೆರೆ ನೋಡಿ ಆದ ಖುಷಿ ದೊಡ್ಡದು.

ನೀರಿನ ಪರೀಕ್ಷೆಗೆ ಪ್ರೆಷರ್ ವಾಷರ್ ಬೇಡ, ಅದು ಒಳ್ಳೆಯ ಬೀಡಿಂಗ್‌ನೊಳಗೂ ನೀರು ನುಗ್ಗಿಸುತ್ತದೆ. ಸಾದಾ ಪೈಪು, ಕೆಳಗಿನಿಂದ ಶುರುಮಾಡಿ ಮೇಲಕ್ಕೆ. ಒಳಗೆ ತಮ್ಮ ಟಿಶ್ಯೂ ಹಿಡಿದು ಕೂತಿದ್ದ, ಒಂದೂ ಒದ್ದೆಯಾಗಲಿಲ್ಲ. ಅದಾದ ಮೇಲೇ ಒಳಗಿನ ತೇವ ತಡೆಯುವ ಹಾಳೆಯನ್ನು ಹೊಸ ಅಂಟಿನಿಂದ ಸುತ್ತ ಒತ್ತಿ, ಪ್ಯಾಡ್ ಹಾಕಿದೆ. ಬ್ಯಾಟರಿ ತೆಗೆದದ್ದರಿಂದ ಗಾಜುಗಳಿಗೆ ತಮ್ಮ ಕೊನೆ ಎಲ್ಲಿ ಅನ್ನುವುದು ಮರೆತುಹೋಗಿರುತ್ತದೆ. ಪ್ರತಿ ಗಾಜನ್ನೂ ಪೂರ್ತಿ ಏರಿಸಿ, ಸ್ವಿಚ್ಚನ್ನು ಇನ್ನೂ ಕ್ಷಣಕಾಲ ಎಳೆದೇ ಹಿಡಿದರೆ ಮತ್ತೆ ಕಲಿತುಕೊಳ್ಳುತ್ತವೆ. ಬೀಡಿಂಗ್‌ಗೆ ಸಿಲಿಕೋನ್ ತೆಳ್ಳಗೆ. ಪೆಟ್ರೋಲಿಯಂ ಗ್ರೀಸ್ ಸವರಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಭಾನುವಾರ ಬೆಳಿಗ್ಗೆ ಮೈಸೂರು ಹೆದ್ದಾರಿಗೆ ತಗೊಂಡು ಹೋದೆ. 100ರ ಮಿತಿಯವರೆಗೂ ಎಡಗಡೆ ಸೀಟಿ ಇಲ್ಲ. ಈಗ ಎಡಗಡೆ ಹಿಂದಿನ ಬಾಗಿಲಿನಿಂದ ಸಣ್ಣ ಸುಯ್ ಅನ್ನುವ ಸದ್ದು ಕೇಳಿಸುತ್ತಿದೆ. ಬಿಡದಿ ಹತ್ತಿರ ಹೆದ್ದಾರಿಯಿಂದ ಇಳಿದು, ಹಿಂಬಾಗಿಲಿನ ಗಾಜಿನ ಮೇಲಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮತ್ತೆ ಓಡಿಸಿದೆ, ಸದ್ದು ಹೋಗಲಿಲ್ಲ. ಎರಡು ಬಾಗಿಲಿನ ನಡುವಿನ ಸಂದಿಗೆ ಅಂಟಿಸಿದಾಗ ನಿಂತಿತು. ಅಂದರೆ ಬಿ ಪಿಲ್ಲರ್ (ಎರಡು ಬಾಗಿಲಿನ ನಡುವಿನ ಕಂಬ) ಬಳಿಯ ನಿಲುವು ರಬ್ಬರ್, ಗಾಜಿನ ಸೆಟ್ಟಿಂಗ್ ಅಲ್ಲ. ಅದರ ಪಾರ್ಟ್ ನಂಬರ್ ತೆಗೆದಿದ್ದೇನೆ.

ಮುಂದಿನದು ಬಲಗಡೆ ಗಾಜು. ಅದರ ಗೀರುಗಳಿಗೆ ಕಾರಣ ಸೊಂಟದ ಹೊರ ಬೀಡಿಂಗ್‌ನಲ್ಲಿ ಸಿಕ್ಕಿಕೊಂಡ ಮರಳು, ಆದ್ದರಿಂದ ಹೊಸ ಗಾಜಿನ ಜೊತೆ ಆ ಬೀಡಿಂಗೂ ಬದಲಾಗಬೇಕು. ಎರಡಕ್ಕೂ ಆರ್ಡರ್ ಕೊಟ್ಟಿದ್ದೇನೆ. ಬಲಗಡೆಯ ಅಳತೆಗೆ ಕತ್ತರಿಸಿದ್ದ ಅದೇ ರಟ್ಟು ಗ್ಯಾರೇಜಿನ ಗೋಡೆ ಮೇಲೆ ಮೊಳೆಗೆ ನೇತುಹಾಕಿದೆ, ಈ ಸಲ ಅದನ್ನು ಮಗುಚದೆ ನೇರವಾಗಿ ಹಿಡಿದರಾಯಿತು.