ಮಾತು ಪಟಪಟ, ಅರ್ಥ ಮಾತ್ರ ನಾಪತ್ತೆ

ಸ್ಟ್ರೋಕ್ ಅಂದ್ರೆ ಬಾಯಿ ಸೊಟ್ಟ ಆಗೋದು, ಲಕ್ವ ಹೊಡಿಯೋದು ಅಂತಷ್ಟೇ ನಮ್ ಜನಕ್ಕೆ ಗೊತ್ತು. ನಮ್ ದೊಡ್ಡಪ್ಪಂಗೆ ಆದಾಗ ಕೈಕಾಲೆಲ್ಲ ನೆಟ್ಟಗೇ ಇತ್ತು, ಓಡಾಡ್ತಿದ್ರು, ಮಾತೂ ಸರಾಗವಾಗಿ ಬರ್ತಿತ್ತು, ಆದ್ರೆ "ಕಾಫಿ ಕುಡೀತೀರಾ" ಅಂದ್ರೆ "ಹೂಂ, ಆ ಗೇಟು ತಕ್ಕಡ್ತಿ ಹಾಕ್ಬಿಟ್ಟು ಮೇಲಕ್ಕೆ ಹೋಗಿದ್ಯಲ್ಲ" ಅನ್ನೋರು, ಅದೂ ಭಾರೀ ಸೀರಿಯಸ್ಸಾಗಿ. ತಲೆ ಕೆಟ್ಟಿದೆ ಅಂದ್ರು ಕೆಲವ್ರು, ಒಬ್ರಂತೂ ಗಾಳಿ ಸೋಕಿದೆ ಅಂತ ತಾಯತ ಕಟ್ಸೋಕೇ ಹೊರಟಿದ್ರು!

ಇದು ವರ್ನಿಕೆ ಅಫೇಸಿಯಾ, ಅಂದ್ರೆ ಮೆದುಳಿಗೆ ಪೆಟ್ಟಾಗಿ ಮಾತು ಅರ್ಥ ಮಾಡ್ಕೊಳ್ಳೋ ಶಕ್ತಿ ಕೆಡೋದು. ಕಾರ್ಲ್ ವರ್ನಿಕೆ ಅನ್ನೋ ಜರ್ಮನ್ ಡಾಕ್ಟ್ರು 1874ರಲ್ಲೇ ಇದನ್ನ ವಿವರಿಸಿದ್ರು, ಆಗ ಅವ್ರಿಗೆ ಇನ್ನೂ ಮೂವತ್ತೂ ಆಗಿರ್ಲಿಲ್ಲ. ಮೆದುಳಿನ ಎಡಗಡೆ ಟೆಂಪೊರಲ್ ಲೋಬಲ್ಲಿ (ಕಿವಿ ಹತ್ರದ ಭಾಗ), ಮೇಲ್ಭಾಗದ ಹಿಂದುಗಡೆಗೆ ರಕ್ತ ಹೋಗೋದು ನಿಂತ್ರೆ ಕಿವಿಗೆ ಸದ್ದು ಕೇಳತ್ತೆ, ಅದು ಪದವಾಗಿ ತಲೆಗೆ ಹತ್ತಲ್ಲ. ತಮ್ಮ ಮಾತೂ ತಮಗೇ ಸರಿಯಾಗಿ ಅರ್ಥ ಆಗಲ್ಲ, ಹಂಗಾಗಿ ತಪ್ಪಾಡ್ತಿದೀವಿ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಾಗಲ್ಲ, ನಾವು ಬೆಪ್ಪಾಗಿ ನೋಡಿದ್ರೆ ಅವ್ರಿಗೇ ಸಿಟ್ಟು. ಕೈಕಾಲು ನಡೆಸೋ ಜಾಗ ಫ್ರಂಟಲ್ ಲೋಬಲ್ಲಿ (ಮೆದುಳಿನ ಮುಂಭಾಗ) ಇರೋದ್ರಿಂದ ಅದು ಬಚಾವ್, ಅದಕ್ಕೇ ಎಷ್ಟೋ ಸಲ ಇದು ಸ್ಟ್ರೋಕ್ ಅಂತ್ಲೇ ಹೊಳೆಯಲ್ಲ.

ಮೈಸೂರಿನ ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಲಿ, ಅದೇ ಆಯಿಷ್, ಇದಕ್ಕೆ ಸ್ಪೀಚ್ ಥೆರಪಿ ಇದೆ, ಕನ್ನಡದಲ್ಲೇ ಟೆಸ್ಟೂ ಮಾಡ್ತಾರೆ. ಮನೇಲಿ ದಯವಿಟ್ಟು ಕಿರುಚಬೇಡಿ, ಅವ್ರು ಕಿವುಡ್ರಲ್ಲ. ಟಿವಿ ಆಫ್ ಮಾಡಿ ಎದುರಿಗೆ ಕೂತು ಒಂದ್ಸಲಕ್ಕೆ ಒಂದೇ ಚಿಕ್ಕ ಮಾತು ಹೇಳಿ, ಜೊತೆಗೆ ಸನ್ನೆ. ದೊಡ್ಡಮ್ಮ ಕಾಫಿ ಲೋಟ ಎತ್ತಿ ತೋರಿಸ್ತಾರೆ, ಅವ್ರು ಕೈ ಚಾಚ್ತಾರೆ, ಕೆಲಸ ಆಯ್ತು.