‘ನಾರ್ಮಲ್’ ಎಂದು ನಾನು ಸಹಿ ಹಾಕಿದ ವರದಿ

ಸಂತಾನ ಚಿಕಿತ್ಸೆ ನೀಡುವ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಭ್ರೂಣಗಳನ್ನು ನೋಡಿಕೊಳ್ಳುವ ಎಂಬ್ರಿಯಾಲಜಿಸ್ಟ್ ಆಗಿ ಕೆಲಸ ಮಾಡುವ ನಾನು ಮೊದಲ ಕೆಲವು ವರ್ಷಗಳನ್ನು ವೀರ್ಯ ಪರೀಕ್ಷೆಯ ಮೇಜಿನ ಮುಂದೆಯೇ ಕಳೆದೆ. ಬಂದ ಮಾದರಿಯಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರಗಳನ್ನು ನೋಡಿ, ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಮಟ್ಟಗಳೊಂದಿಗೆ ಹೋಲಿಸಿ, ಕೊನೆಯ ಸಾಲಿನಲ್ಲಿ ‘ನಾರ್ಮಲ್’ ಎಂದು ಬರೆದು ಸಹಿ ಹಾಕುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. 2021ರಲ್ಲಿ ಬಂದ ಆರನೆಯ ಆವೃತ್ತಿಯ ಪ್ರಕಾರ ಈ ಮಟ್ಟಗಳು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ 42, ಸಹಜ ಆಕಾರ ಶೇ 4. ಒಂದು ವರ್ಷದೊಳಗೆ ಸಂಗಾತಿ ಗರ್ಭ ಧರಿಸಿದ ಪುರುಷರನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ ಕೆಳಗಿನ ಶೇ 5 ಮಂದಿ ಎಲ್ಲಿಗೆ ಮುಗಿಯುತ್ತಾರೋ ಅಲ್ಲಿ ಎಳೆದ ಗೆರೆ ಅದು. ಆ ಗೆರೆಯ ಮೇಲಿರುವ ಪ್ರತಿಯೊಬ್ಬರ ವೀರ್ಯಾಣುವಿನ ಒಳಗಿರುವುದೆಲ್ಲವೂ ಸರಿಯಾಗಿದೆ ಎಂದು ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ. ಹಾಗೆ ಓದಿಕೊಂಡವರು ನಾವು.

ನಾನು ಹಾಗೆ ಸಹಿ ಹಾಕಿದ ಒಂದು ವರದಿಯ ದಂಪತಿಗೆ ಅದಕ್ಕೂ ಮೊದಲೇ ಎರಡು ಬಾರಿ ಗರ್ಭಪಾತವಾಗಿತ್ತು. ಪತ್ನಿಯ ಹಾರ್ಮೋನು, ಗರ್ಭಕೋಶ, ರಕ್ತ ಹೆಪ್ಪುಗಟ್ಟುವಿಕೆ, ವರ್ಣತಂತು ಎಲ್ಲವನ್ನೂ ಪರೀಕ್ಷಿಸಿದ್ದ ದಪ್ಪ ಫೈಲಿನಲ್ಲಿ ಪತಿಯದೆಂದು ಇದ್ದದ್ದು ನನ್ನ ಒಂದು ಹಾಳೆ ಮಾತ್ರ. ಮುಂದೆ ಐವಿಎಫ್, ಎಂದರೆ ಅಂಡಾಣು ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸುವ ಚಿಕಿತ್ಸೆ, ಮಾಡಿದಾಗ ಫಲೀಕರಣ ಚೆನ್ನಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಎರಡೆರಡು ಕೋಶಕೇಂದ್ರಗಳು ಅಚ್ಚುಕಟ್ಟಾಗಿ ಕಂಡವು. ಮೂರನೆಯ ದಿನ ಹೆಚ್ಚಿನ ಭ್ರೂಣಗಳು ಏಳೆಂಟು ಕೋಶಗಳಿಗೆ ಬಂದಿದ್ದವು, ಆಗಷ್ಟೇ ಭ್ರೂಣಗಳ ಕೆಲಸಕ್ಕೆ ಬಂದಿದ್ದ ನಾನು ಸಂತೋಷದಿಂದ ಆ ಮಾತನ್ನು ಅವರಿಗೆ ಫೋನಿನಲ್ಲಿ ತಿಳಿಸಿದೆ. ಐದನೆಯ ದಿನ ನೋಡಿದರೆ ಒಂದನ್ನು ಬಿಟ್ಟು ಉಳಿದವೆಲ್ಲ ಅಲ್ಲಲ್ಲೇ ನಿಂತುಹೋಗಿದ್ದವು, ಬ್ಲಾಸ್ಟೊಸಿಸ್ಟ್, ಎಂದರೆ ಐದನೆಯ ದಿನದ ಟೊಳ್ಳು ಚೆಂಡಿನಂಥ ಹಂತ, ತಲುಪಿದ್ದ ಆ ಒಂದು ಕೂಡ ದುರ್ಬಲವಾಗಿತ್ತು. ಎರಡನೆಯ ಬಾರಿಯ ಚಿಕಿತ್ಸೆಯಲ್ಲೂ ಇದೇ ಕ್ರಮದಲ್ಲಿ, ಬಹುತೇಕ ಅದೇ ಗಂಟೆಗಳಲ್ಲಿ ಹೀಗೆಯೇ ಆಯಿತು.

ಅಂಡಾಣುವಿನ ಗುಣಮಟ್ಟ ಕಡಿಮೆ ಇರಬೇಕೆಂದು ನಾನು ಟಿಪ್ಪಣಿ ಬರೆದೆ. ಅದನ್ನು ಓದಿದ ನಮ್ಮ ಹಿರಿಯ ವೈದ್ಯರು ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: “ಮೂರನೆಯ ದಿನದವರೆಗೆ ಇಷ್ಟು ಚೆನ್ನಾಗಿ ಬಂದದ್ದು ಯಾರ ದುಡಿಮೆಯಿಂದ ಎಂದು ಯೋಚಿಸಿದ್ದೀರಾ?” ಪಠ್ಯದಲ್ಲಿ ಓದಿದ್ದ ಸಂಗತಿಯೇ ಆದರೂ ಆ ಕ್ಷಣದಲ್ಲಿ ನನಗೆ ಹೊಳೆದಿರಲಿಲ್ಲ. ಫಲೀಕರಣದ ನಂತರದ ಮೊದಲ ವಿಭಜನೆಗಳೆಲ್ಲ ಅಂಡಾಣು ಮೊದಲೇ ಕೂಡಿಟ್ಟುಕೊಂಡಿರುವ ಬುತ್ತಿಯಿಂದ, ಎಂದರೆ ತಾಯಿಯ ಕಡೆಯ ಆರ್‌ಎನ್‌ಎ ಮತ್ತು ಪ್ರೋಟೀನುಗಳಿಂದ ನಡೆಯುತ್ತವೆ. ಮನುಷ್ಯ ಭ್ರೂಣದ ಸ್ವಂತ ಜೀನುಗಳು ಪೂರ್ಣವಾಗಿ ಕೆಲಸಕ್ಕೆ ಇಳಿಯುವುದು ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ, ಸರಿಸುಮಾರು ಮೂರನೆಯ ದಿನ. ತಂದೆಯ ಕಡೆಯಿಂದ ಬಂದ ಡಿಎನ್‌ಎಯನ್ನು ಭ್ರೂಣ ನೆಚ್ಚಿಕೊಳ್ಳಬೇಕಾಗುವುದು ಅಲ್ಲಿಂದ ಮುಂದೆ. ಆ ಡಿಎನ್‌ಎ ಅಲ್ಲಲ್ಲಿ ತುಂಡಾಗಿದ್ದು, ಅಂಡಾಣು ಅದನ್ನು ದುರಸ್ತಿ ಮಾಡಲಾಗದೆ ಹೋಗಿದ್ದರೆ, ಅಲ್ಲಿಯವರೆಗೆ ಸುಂದರವಾಗಿ ಕಂಡ ಭ್ರೂಣ ಆಮೇಲೆ ನಿಲ್ಲಬಹುದು, ಇಲ್ಲವೇ ಗರ್ಭಕೋಶದಲ್ಲಿ ನೆಲೆಸಿದ ಮೇಲೂ ಉಳಿಯದೆ ಹೋಗಬಹುದು. ಇದನ್ನು ತಡವಾಗಿ ಕಾಣುವ ಪಿತೃಪ್ರಭಾವ ಎನ್ನುತ್ತಾರೆ. ಆ ದಂಪತಿಯ ಭ್ರೂಣಗಳು ಎರಡು ಬಾರಿಯೂ ಈ ಕಡೆಗೇ ಬೆರಳು ತೋರಿಸಿದ್ದವು, ನಾನು ಮಾತ್ರ ಅಭ್ಯಾಸಬಲದಿಂದ ಪತ್ನಿಯ ಫೈಲಿನಲ್ಲಿಯೇ ಕಾರಣ ಹುಡುಕಿದ್ದೆ. ಈ ಅಭ್ಯಾಸ ನನ್ನೊಬ್ಬರದಲ್ಲವೆಂಬುದು ಗೊತ್ತಿದ್ದರೂ ಆ ಟಿಪ್ಪಣಿ ನನ್ನ ಕೈಯಿಂದಲೇ ಬರೆದದ್ದು.

ವೀರ್ಯಾಣುವಿನ ಡಿಎನ್‌ಎ ಉಳಿದ ಜೀವಕೋಶಗಳಲ್ಲಿ ಇರುವಂತೆ ಇರುವುದಿಲ್ಲ. ವೃಷಣದಲ್ಲಿ ಅದು ರೂಪುಗೊಳ್ಳುವಾಗ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಲ್ಲಿ ಹೆಚ್ಚಿನವು ಹೊರಹೋಗಿ ಆ ಜಾಗಕ್ಕೆ ಇನ್ನೂ ಚಿಕ್ಕ ಪ್ರೋಟೀನುಗಳಾದ ಪ್ರೊಟಮಿನ್‌ಗಳು ಬರುತ್ತವೆ, ನಂತರ ವೀರ್ಯಾಣು ಎಪಿಡಿಡಿಮಿಸ್ ಎಂಬ ಸುರುಳಿ ನಾಳವನ್ನು ದಾಟುವಾಗ ಆ ಪ್ರೊಟಮಿನ್‌ಗಳ ನಡುವೆ ಗಂಧಕದ ಬಂಧಗಳು ಬಿಗಿಯುತ್ತವೆ. ಇಷ್ಟು ಒತ್ತಾಗಿ ಕಟ್ಟುವ ಕೆಲಸದಲ್ಲಿ ಡಿಎನ್‌ಎ ಎಳೆಗಳನ್ನು ತಾತ್ಕಾಲಿಕವಾಗಿ ಕತ್ತರಿಸಿ ಮತ್ತೆ ಜೋಡಿಸಬೇಕಾಗುತ್ತದೆ. ಆ ಜೋಡಣೆ ಅಪೂರ್ಣವಾದರೆ ಬಿರುಕು ಹಾಗೆಯೇ ಉಳಿಯುತ್ತದೆ. ಕಟ್ಟು ಸಡಿಲವಾಗಿದ್ದರೆ ಮುಂದಿನ ದಾರಿಯಲ್ಲಿ ಎದುರಾಗುವ ಆಮ್ಲಜನಕದ ಉಗ್ರ ಕಣಗಳಿಗೆ ಡಿಎನ್‌ಎ ಸುಲಭವಾಗಿ ಸಿಗುತ್ತದೆ. ಪೂರ್ತಿ ಬಲಿತ ವೀರ್ಯಾಣುವಿಗೆ ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುವ ಸಾಮರ್ಥ್ಯ ಇಲ್ಲವೆಂದೇ ಹೇಳಬೇಕು. ಹಾಗಾಗಿ ಹಾನಿಯನ್ನು ಹೊತ್ತುಕೊಂಡೇ ಅದು ಅಂಡಾಣುವಿನೊಳಕ್ಕೆ ಹೋಗುತ್ತದೆ, ಸರಿಪಡಿಸುವ ಹೊಣೆ ಅಂಡಾಣುವಿನ ಮೇಲೆ ಬೀಳುತ್ತದೆ. ವಯಸ್ಸಾದಂತೆ ಅಂಡಾಣುವಿನ ಈ ಶಕ್ತಿ ಕುಗ್ಗುವುದರಿಂದ, ಒಬ್ಬ ಪುರುಷನ ಅಷ್ಟೇ ಪ್ರಮಾಣದ ಹಾನಿ ಬೇರೆ ಬೇರೆ ವಯಸ್ಸಿನ ಅಂಡಾಣುಗಳಲ್ಲಿ ಬೇರೆ ಬೇರೆ ಫಲಿತಾಂಶ ಕೊಡಬಹುದು. ಎಳೆಗಳೆರಡೂ ತುಂಡಾಗಿರುವ ಬಿರುಕು ಒಂದೇ ಎಳೆಯ ಬಿರುಕಿಗಿಂತ ದುರಸ್ತಿಗೆ ಹೆಚ್ಚು ಕಷ್ಟ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಆ ಪತಿಯ ಮಾದರಿಯನ್ನು ಡಿಎನ್‌ಎ ಪರೀಕ್ಷೆಗೆ ನಾನೇ ಹಚ್ಚಿದೆ. ನಮ್ಮಲ್ಲಿ ಮಾಡುವುದು ಹ್ಯಾಲೊ ಪರೀಕ್ಷೆ. ವೀರ್ಯಾಣುಗಳನ್ನು ತೆಳುವಾದ ಅಗರೋಸ್ ಪದರದಲ್ಲಿ ಹಿಡಿದಿಟ್ಟು, ಆಮ್ಲದಿಂದ ಡಿಎನ್‌ಎ ಎಳೆಗಳನ್ನು ಬಿಡಿಸಿ, ಪ್ರೋಟೀನುಗಳನ್ನು ತೆಗೆದುಹಾಕಿದರೆ, ಹಾನಿಯಿಲ್ಲದ ಡಿಎನ್‌ಎ ಕುಣಿಕೆಗಳಾಗಿ ಸುತ್ತಲೂ ಹರಡಿ ದೊಡ್ಡ ಪ್ರಭಾವಲಯದಂತೆ ಕಾಣುತ್ತದೆ, ತುಂಡಾದ ಡಿಎನ್‌ಎಗೆ ಪ್ರಭೆ ತೀರಾ ಚಿಕ್ಕದಿರುತ್ತದೆ ಅಥವಾ ಇರುವುದೇ ಇಲ್ಲ. ಚುರುಕಾಗಿ ಈಜುತ್ತಿದ್ದ, ನಾನು ಮೆಚ್ಚಿ ಎಣಿಸಿದ್ದ ಅದೇ ವ್ಯಕ್ತಿಯ ವೀರ್ಯಾಣುಗಳಲ್ಲಿ ಐದರಲ್ಲಿ ಎರಡಕ್ಕೆ ಪ್ರಭೆ ಇರಲಿಲ್ಲ. ಶೇ 30ರ ಆಸುಪಾಸಿನ ಮಟ್ಟವನ್ನು ಹೆಚ್ಚು ಎಂದು ಪರಿಗಣಿಸುವುದು ರೂಢಿ. ಹ್ಯಾಲೊ, ಟನೆಲ್, ಕಾಮೆಟ್, ಎಸ್‌ಸಿಎಸ್‌ಎ ಪರೀಕ್ಷೆಗಳು ಅಳೆಯುವುದು ಹಾನಿಯ ಬೇರೆ ಬೇರೆ ಮುಖಗಳನ್ನಾದ್ದರಿಂದ ಒಂದರ ಅಂಕಿಯನ್ನು ಇನ್ನೊಂದರ ಗೆರೆಗೆ ಹಿಡಿಯಬಾರದು. ವೈದ್ಯರು ಪತಿಯನ್ನು ಮೊದಲ ಬಾರಿಗೆ ನಿಲ್ಲಿಸಿ ಪರೀಕ್ಷಿಸಿದಾಗ ಎಡಭಾಗದಲ್ಲಿ ವೃಷಣದ ರಕ್ತನಾಳಗಳು ಉಬ್ಬಿರುವುದು, ಎಂದರೆ ವೆರಿಕೋಸಿಲ್, ಕೈಗೇ ಸಿಕ್ಕಿತು. ಇಷ್ಟು ವರ್ಷಗಳ ಚಿಕಿತ್ಸೆಯಲ್ಲಿ ಅವರನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಇದಾದ ಮೇಲೆ ನನಗೆ ಡಿಎನ್‌ಎ ಪರೀಕ್ಷೆಯ ಮೇಲೆ ಅತಿಯಾದ ನಂಬಿಕೆ ಹುಟ್ಟಿತು. ನನ್ನ ಎರಡನೆಯ ತಪ್ಪು ಅದರಿಂದಲೇ ಬಂದದ್ದು, ಇದನ್ನು ಬರೆಯಲು ನನಗೆ ಮೊದಲನೆಯದಕ್ಕಿಂತ ಹೆಚ್ಚು ಕಷ್ಟವಾಗುತ್ತಿದೆ. ಒಂದು ಗರ್ಭಪಾತದ ನೋವಿನಲ್ಲಿದ್ದ ಇನ್ನೊಂದು ದಂಪತಿಯ ಮಾದರಿ ಬಂದ ದಿನ ಲ್ಯಾಬಿನಲ್ಲಿ ಅಂಡಾಣು ತೆಗೆಯುವ ಕೆಲಸ ಒಂದರ ಮೇಲೊಂದು ಇತ್ತು. ಮಾದರಿಯನ್ನು 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋದ ನಾನು ಸಂಜೆಯ ಹೊತ್ತಿಗೆ ಬಂದು ಪರೀಕ್ಷೆ ಮಾಡಿದೆ. ಸಂಗ್ರಹಕ್ಕೆ ಮೊದಲು ವೀರ್ಯ ಹೊರಹೋಗದ ವಿರಾಮ ಎಷ್ಟು ದಿನವಿತ್ತು ಎಂಬ ಕಲಮಿನಲ್ಲಿ ಒಂಬತ್ತು ದಿನ ಎಂದು ಬರೆದಿದ್ದನ್ನೂ ಗಮನಿಸಲಿಲ್ಲ. ಬಂದ ಅಂಕಿ ಬಹಳ ಹೆಚ್ಚಿತ್ತು, ಅದನ್ನೇ ವರದಿಯಲ್ಲಿ ಕೊಟ್ಟೆ. ಎರಡು ದಿನದ ನಂತರ ಆ ಪತಿ ಲ್ಯಾಬಿನ ಕಿಟಕಿಯ ಬಳಿ ಬಂದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, “ನಮ್ಮ ಮಗು ಹೋದದ್ದು ನನ್ನಿಂದಲೇ ಅಲ್ಲವೇ?” ಎಂದು ಕೇಳಿದರು.

ನಾನು ಉತ್ತರ ಹೇಳಲಿಲ್ಲ. ವೈದ್ಯರನ್ನು ಕೇಳಿ ಎಂದು ಹೇಳಿ ಕಳಿಸಿ, ಒಳಗೆ ಬಂದು ದಾಖಲೆ ತೆಗೆದು ನೋಡಿದಾಗ ಸಮಯಗಳ ನಡುವಿನ ಅಂತರ ಕಣ್ಣಿಗೆ ಬಿತ್ತು. ದೇಹದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟ ಮಾದರಿಯಲ್ಲಿ ಡಿಎನ್‌ಎ ಹಾನಿ ಏರುತ್ತಾ ಹೋಗುತ್ತದೆ. ದೀರ್ಘ ವಿರಾಮವಿದ್ದರೆ ವೀರ್ಯಾಣುಗಳು ಎಪಿಡಿಡಿಮಿಸ್‌ನಲ್ಲಿ ಹೆಚ್ಚು ದಿನ ಕಾದು ಕೂತು ಹಾನಿಗೊಳಗಾಗುತ್ತವೆ. ನಾನು ಅಳೆದದ್ದರಲ್ಲಿ ಎಷ್ಟು ಭಾಗ ಅವರದು, ಎಷ್ಟು ಭಾಗ ನನ್ನ ಇನ್‌ಕ್ಯುಬೇಟರಿನದು ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಅದೇ ದಿನ ವೈದ್ಯರಿಗೆ ತಿಳಿಸಿದೆ, ವರದಿಯನ್ನು ಹಿಂದಕ್ಕೆ ಪಡೆದೆವು. ಎರಡು ದಿನದ ವಿರಾಮದ ನಂತರ ಕೊಟ್ಟ ಹೊಸ ಮಾದರಿಯನ್ನು, ಅದರ ಮಂದತೆ ಕರಗಿ ದ್ರವವಾದ ಕೂಡಲೇ, ಪರೀಕ್ಷಿಸಿದಾಗ ಅಂಕಿ ಮೊದಲಿನದರ ಅರ್ಧಕ್ಕೂ ಕಡಿಮೆ ಬಂತು. ವೈದ್ಯರ ಎದುರಿನಲ್ಲಿ ನಾನೇ ಆ ದಂಪತಿಗೆ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. ಒಂದೇ ಗರ್ಭಪಾತಕ್ಕೆ ಯಾವ ಪರೀಕ್ಷೆಯೂ ಹೀಗೆ ನೇರವಾದ ಕಾರಣ ತೋರಿಸಲಾರದು ಎಂಬುದನ್ನೂ ವೈದ್ಯರು ಅವರಿಗೆ ವಿವರಿಸಿದರು.

ಈ ಅಂಕಿಗೆ ಎಷ್ಟು ತೂಕ ಕೊಡಬೇಕು ಎಂಬುದನ್ನು ನಾನು ನಂತರ ಕಲಿತುಕೊಂಡೆ. ಹಾನಿ ಹೆಚ್ಚಿರುವ ಪುರುಷರ ಸಂಗಾತಿಯರಲ್ಲಿ ಸಹಜ ಗರ್ಭಧಾರಣೆ ಮತ್ತು ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐಯುಐ ಚಿಕಿತ್ಸೆಯ ಯಶಸ್ಸು ಕಡಿಮೆ, ಗರ್ಭಪಾತ ಹೆಚ್ಚು ಎಂಬುದಕ್ಕೆ ಅಧ್ಯಯನಗಳ ಬಲವಿದೆ. 2012ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದರಲ್ಲಿ ಗರ್ಭಪಾತದ ಅಪಾಯ ಸುಮಾರು ಎರಡು ಪಟ್ಟು ಕಂಡಿತ್ತು. ಐವಿಎಫ್ ಮತ್ತು ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಸೇರಿಸುವ ಇಕ್ಸಿಗಳಲ್ಲಿ ಮಗು ಹುಟ್ಟುವ ಪ್ರಮಾಣದೊಂದಿಗೆ ಇದರ ಸಂಬಂಧ ಅಷ್ಟು ಗಟ್ಟಿಯಿಲ್ಲ, ಇಕ್ಸಿಯಲ್ಲಿ ಇನ್ನೂ ಸಡಿಲ. ಆದ್ದರಿಂದಲೇ ಅಮೆರಿಕದ ಮೂತ್ರರೋಗ ಮತ್ತು ಸಂತಾನ ವೈದ್ಯರ ಸಂಘಗಳ 2020ರ ಮಾರ್ಗಸೂಚಿ ಈ ಪರೀಕ್ಷೆಯನ್ನು ಮೊದಲ ಹಂತದಲ್ಲಿಯೇ ಎಲ್ಲರಿಗೂ ಮಾಡಬೇಡಿ ಎನ್ನುತ್ತದೆ, ಮರುಕಳಿಸುವ ಗರ್ಭಪಾತವಿದ್ದಾಗ ಮಾಡಿ ಎನ್ನುತ್ತದೆ. ನನ್ನ ಮೊದಲ ದಂಪತಿಗೆ ಮಾಡದೆ ತಪ್ಪು ಮಾಡಿದೆವು, ಎರಡನೆಯ ದಂಪತಿಗೆ ಅವಸರದಲ್ಲಿ ಮಾಡಿ ತಪ್ಪು ಮಾಡಿದೆ.

ಇಕ್ಸಿ ಮಾಡುವಾಗ ಈ ಸಂಗತಿ ಈಗಲೂ ನನ್ನನ್ನು ಕಾಡುತ್ತದೆ. ಸೂಜಿಯ ತುದಿಗೆ ತೆಗೆದುಕೊಳ್ಳುವ ಒಂದು ವೀರ್ಯಾಣುವನ್ನು ಆರಿಸುವವರು ನಾವು, ಅದರ ಚಲನೆ ಮತ್ತು ತಲೆಯ ಆಕಾರದ ಆಚೆಗೆ ನಮಗೆ ಏನೂ ಕಾಣುವುದಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿದರೆ ಆ ವೀರ್ಯಾಣು ಉಳಿಯುವುದಿಲ್ಲ. ಆದ್ದರಿಂದ ವರದಿ ಹೇಳುವುದು ಗುಂಪಿನ ಮಾತು, ಬಳಸುವುದು ಗುಂಪಿನಲ್ಲೊಂದನ್ನು. ಇದಕ್ಕೆ ಉಪಾಯವಾಗಿ ಬಂದ ಸಾಧನಗಳಲ್ಲಿ ಸೂಕ್ಷ್ಮ ಕಾಲುವೆಗಳ ಚಿಪ್, ಅಯಸ್ಕಾಂತದಿಂದ ಬೇರ್ಪಡಿಸುವ ವಿಧಾನ, ಹೈಯಲುರೊನಿಕ್ ಆಮ್ಲಕ್ಕೆ ಅಂಟುವ ವೀರ್ಯಾಣುವನ್ನು ಆರಿಸುವ ವಿಧಾನ ಸೇರಿವೆ. ಕೊನೆಯದನ್ನು ಬ್ರಿಟನ್ನಿನಲ್ಲಿ 2,700ಕ್ಕೂ ಹೆಚ್ಚು ದಂಪತಿಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದಾಗ ಪೂರ್ಣಾವಧಿ ಶಿಶುಜನನದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ, ಗರ್ಭಪಾತ ಮಾತ್ರ ಶೇ 7ರಿಂದ ಶೇ 4.3ಕ್ಕೆ ಇಳಿದಿತ್ತು. ವೃಷಣದಿಂದಲೇ ಸೂಜಿಯಿಂದ ತೆಗೆದ ವೀರ್ಯಾಣುಗಳಲ್ಲಿ ಹಾನಿ ಕಡಿಮೆಯಿರುತ್ತದೆ ಎಂಬುದು ನಿಜವಾದರೂ ಅದು ಶಸ್ತ್ರಕ್ರಿಯೆ, ಬೇರೆ ದಾರಿಗಳನ್ನು ನೋಡಿದ ಮೇಲೆ ಯೋಚಿಸಬೇಕಾದದ್ದು.

ಮಾತ್ರೆಗಳ ಬಗ್ಗೆ ದಂಪತಿಗಳು ಹೆಚ್ಚು ಕೇಳುತ್ತಾರೆ. ಸತು ಮತ್ತು ಫೋಲಿಕ್ ಆಮ್ಲವನ್ನು 2,370 ಪುರುಷರಲ್ಲಿ ಆರು ತಿಂಗಳು ಪರೀಕ್ಷಿಸಿದ, 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಮಕ್ಕಳಾಗುವ ಪ್ರಮಾಣ ಹೆಚ್ಚಲಿಲ್ಲ. ಡಿಎನ್‌ಎ ಹಾನಿ ಮಾತ್ರೆ ತೆಗೆದುಕೊಂಡವರಲ್ಲೇ ತುಸು ಹೆಚ್ಚಿತ್ತು. ಧೂಮಪಾನ ಬಿಡುವುದು, ಸೋಂಕಿದ್ದರೆ ಚಿಕಿತ್ಸೆ, ವೃಷಣಕ್ಕೆ ತಾಗುವ ಬಿಸಿ ತಪ್ಪಿಸುವುದು, ಮಾದರಿ ಕೊಡುವ ಮೊದಲಿನ ವಿರಾಮವನ್ನು ಒಂದೆರಡು ದಿನಕ್ಕೆ ಇಳಿಸುವುದು, ಕೈಗೆ ಸಿಗುವಂಥ ವೆರಿಕೋಸಿಲ್‌ಗೆ ಶಸ್ತ್ರಚಿಕಿತ್ಸೆ, ಇವುಗಳನ್ನು ನಮ್ಮ ವೈದ್ಯರು ಮಾತ್ರೆಗಿಂತ ಮೊದಲು ಹೇಳುತ್ತಾರೆ. ವೀರ್ಯಾಣುವೊಂದು ತಯಾರಾಗಲು 74 ದಿನಗಳ ಸುತ್ತಮುತ್ತ ಬೇಕು, ಅದರ ಮೇಲೆ ಎಪಿಡಿಡಿಮಿಸ್‌ನ ದಾರಿಯೂ ಇದೆ. ಆದ್ದರಿಂದ ಇವತ್ತಿನ ಮಾದರಿಯಲ್ಲಿ ಕಾಣುವುದು ಸುಮಾರು ಮೂರು ತಿಂಗಳ ಹಿಂದಿನಿಂದ ಆ ದೇಹದಲ್ಲಿ ನಡೆದದ್ದು. ಜೋರು ಜ್ವರ ಬಂದು ಹೋದವರ ಮಾದರಿ ವಾರಗಟ್ಟಲೆ ಕೆಟ್ಟು ಕಾಣಬಹುದು. ಯಾವ ಬದಲಾವಣೆಯ ಫಲವನ್ನು ನೋಡಬೇಕಾದರೂ ಅಷ್ಟು ಕಾಯಲೇಬೇಕು. ಪತ್ನಿಯ ವಯಸ್ಸು ಕಾಯಲು ಬಿಡದಿದ್ದಾಗ ಈ ಲೆಕ್ಕ ಕಠಿಣವಾಗುತ್ತದೆ, ಅದನ್ನು ತೀರ್ಮಾನಿಸುವುದು ಲ್ಯಾಬಿನ ಕೆಲಸವಲ್ಲ.

ಮೊದಲ ದಂಪತಿಯ ಪತಿ ವೆರಿಕೋಸಿಲ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಾಲ್ಕು ತಿಂಗಳ ನಂತರದ ಪರೀಕ್ಷೆಯಲ್ಲಿ ಹಾನಿ ಗಣನೀಯವಾಗಿ ಇಳಿದಿತ್ತು. ಮುಂದಿನ ಚಿಕಿತ್ಸೆಯಲ್ಲಿ ಐದನೆಯ ದಿನಕ್ಕೆ ಮೂರು ಬ್ಲಾಸ್ಟೊಸಿಸ್ಟ್‌ಗಳು ಬಂದವು. ಆ ಬಾರಿ ಇಕ್ಸಿ ಮಾಡಿದ್ದೆವು, ಔಷಧದ ಪ್ರಮಾಣವನ್ನೂ ಬದಲಿಸಿದ್ದೆವು, ಹಾಗಾಗಿ ಶಸ್ತ್ರಚಿಕಿತ್ಸೆಯೊಂದರಿಂದಲೇ ಹೀಗಾಯಿತೆಂದು ನಾನು ಹೇಳಲಾರೆ.

ನಮ್ಮ ವರದಿಯ ನಮೂನೆಯನ್ನು ಈಗ ಬದಲಿಸಿದ್ದೇವೆ. ‘ನಾರ್ಮಲ್’ ಎಂಬ ಪದ ಅದರಲ್ಲಿ ಇಲ್ಲ. ಆ ಜಾಗದಲ್ಲಿ, ಸಂಖ್ಯೆ, ಚಲನೆ, ಆಕಾರಗಳು ಕೈಪಿಡಿಯ ಮಟ್ಟಕ್ಕಿಂತ ಮೇಲಿವೆ, ಡಿಎನ್‌ಎ ಪರೀಕ್ಷೆ ಮಾಡಿಲ್ಲ ಎಂದು ಪೂರ್ತಿ ವಾಕ್ಯ ಇರುತ್ತದೆ. ಡಿಎನ್‌ಎ ಪರೀಕ್ಷೆ ಮಾಡಿದ್ದರೆ ವಿರಾಮದ ದಿನಗಳು, ಕಳೆದ ಮೂರು ತಿಂಗಳಲ್ಲಿ ಬಂದ ಜ್ವರ, ಮಾದರಿ ಕೊಟ್ಟ ಸಮಯ, ಪರೀಕ್ಷೆ ಆರಂಭಿಸಿದ ಸಮಯ, ಈ ನಾಲ್ಕನ್ನೂ ತುಂಬದೆ ಅಂಕಿಯ ಕಲಮನ್ನು ತುಂಬುವುದಿಲ್ಲ. ಕಿಟಕಿಯ ಬಳಿ ಬಂದು ಯಾರಾದರೂ ಅದೇ ಪ್ರಶ್ನೆ ಕೇಳಿದರೆ, ಹೊರಗೆ ನಿಲ್ಲಿಸಿ ಮಾತನಾಡದೆ ಒಳಗಿನ ಕೋಣೆಯಲ್ಲಿ ಕೂರಿಸಿ, ವೈದ್ಯರನ್ನು ಅಲ್ಲಿಗೇ ಕರೆಸುತ್ತೇನೆ.